ಶೆಟ್ಟರ ವಾರ್ಷಿಕ ವರದಿ

‘ಏನ್ ಶೆಟ್ರೇ, ಪೊಟ್ಟಣ ಕಟ್ಟೋ ಪೇಪರನ್ನ ಇಷ್ಟು ಶ್ರದ್ಧೆಯಿಂದ ಓದ್ತಿದೀರಿ?’

‘ಡಿಮಾರ್ಟಿನ ಲೆಕ್ಕ ರಾಯರೇ. 2024-25ರಲ್ಲಿ 50 ಹೊಸ ಅಂಗಡಿ, ಒಟ್ಟು 415. ಆದಾಯ 59 ಸಾವಿರ ಕೋಟಿ ದಾಟಿದೆ.’

‘ನಿಮ್ಮದು?’

‘ಹೊಸ ಅಂಗಡಿ ಸೊನ್ನೆ. ಹೋದ ವರ್ಷವೂ ಸೊನ್ನೆ. ಸ್ಥಿರತೆ ಅಂದ್ರೆ ಇದು. 2002ರಲ್ಲಿ ಡಿಮಾರ್ಟ್ ಶುರುಮಾಡಿದ ದಮಾನಿಯವರದೂ ಒಂದೇ ಇತ್ತು, ಮುಂಬೈನ ಪೊವಾಯಿಯಲ್ಲಿ. ನಮ್ಮದೂ ಒಂದೇ. ಅಲ್ಲೀತನಕ ಸರಿಸಮ!’

‘ಅವರ ಗುಟ್ಟೇನಂತೆ?’

‘ಬಾಡಿಗೆ ಗೊಡವೆ ಬೇಡ ಅಂತ ಆದಷ್ಟೂ ಜಾಗ ಸ್ವಂತಕ್ಕೇ ಕೊಳ್ತಾರೆ. ಸರಕು ಕೊಟ್ಟವರಿಗೆ ಬೇಗ ದುಡ್ಡು ಕೊಡ್ತಾರೆ. ಅದಕ್ಕೇ ಮಾಲು ಅಗ್ಗಕ್ಕೆ ಸಿಗತ್ತೆ.’

‘ನೀವೂ ಹಾಗೇ ಮಾಡಿ ಮತ್ತೆ.’

‘ಜಾಗ ನಮ್ಮಪ್ಪಂದೇ. ಬೇಗ ದುಡ್ಡು ಕೊಡೋಕೆ ನೀವು ಬೇಗ ಕೊಡಬೇಕಲ್ಲ?’

ಎಣ್ಣೆಜಿಡ್ಡು ಹಿಡಿದ ಉದ್ರಿ ಪುಸ್ತಕ ತೆರೆದರು. ನನ್ನ ಪುಟದ ಮೂಲೆ ಗುರುತಿಗೆಂದು ಮಡಿಚಿತ್ತು. (ಶೇರುದಾರರ ಸಭೆಯಲ್ಲೂ ಇಂಥ ಮೌನ ಇರಲಾರದು.) ಮಾತು ತಿರುಗಿಸಿದೆ.

‘ಮುಂದಿನ ವರ್ಷದ ವಿಸ್ತರಣೆ?’

‘ಎರಡಡಿ. ಚರಂಡಿ ಚಪ್ಪಡಿ ಮೇಲೆ. ಈರುಳ್ಳಿ ಮೂಟೆ ಅಲ್ಲಿಗೆ.’

‘ಬಂಡವಾಳ?’

‘ಎರಡು ಇಟ್ಟಿಗೆ, ಒಂದು ಹಲಗೆ. ಅದಿರಲಿ, ಬೆನ್ನ ಹಿಂದೆ ಹಿಡಿದಿರೋ ಚೀಲದಲ್ಲೇನು?’

‘ಅದು... ಸಕ್ಕರೆ, ಬೇಳೆ. ಆ ಕಡೆ ಹೋಗಿದ್ದೆ.’

‘ಅಲ್ಲಿ ನಗದು ಕೊಟ್ರಾ?’

‘ಹ್ಞೂಂ.’

‘ಸಂತೋಷ. 59 ಸಾವಿರ ಕೋಟಿಯಲ್ಲಿ ನಿಮ್ಮದೂ ಪಾಲು. ಇಲ್ಲೇನು ಬೇಕಿತ್ತು?’

‘ಒಂದು ಬೆಂಕಿಪೊಟ್ಟಣ. ಬರ್ಕೊಳ್ಳಿ.’