ಒಲೆ ಕೀಳುವಾಗ ಬರುವ ಶ್ಯಾಣ್ಯಾ

ಹಳೆಯ ಕಟ್ಟಿಗೆ ಒಲೆಯನ್ನು ಕಿತ್ತು ಆ ಜಾಗದಲ್ಲಿ ಹೊಸದನ್ನು ಕೂಡಿಸಲು ಒಬ್ಬ ಗೌಂಡಿ, ಒಬ್ಬ ಕೂಲಿಯಾಳು, ಮನೆಯ ಹೆಣ್ಣುಮಗಳು ಇದ್ದರೆ ಸಾಕು. ನಾಲ್ಕನೆಯವನು ಶ್ಯಾಣ್ಯಾ, ಎಲ್ಲ ಬಲ್ಲವನಂತೆ ಮಾತಾಡುವವನು. ಆತನನ್ನು ಯಾರೂ ಕರೆದಿರುವುದಿಲ್ಲ. ಗುದ್ದಲಿಯ ಮೊದಲ ಏಟು ಕೇಳಿದೊಡನೆ ಹೆಗಲ ಮೇಲಿನ ಟವೆಲ್ ಕೊಡವುತ್ತ ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿರುತ್ತಾನೆ. ಕೃಷ್ಣಾ ತುಂಗಭದ್ರೆಯರ ನಡುವಿನ ನಡಿಗಡ್ಡ ಸೀಮೆಯ ಉಂಡವಳ್ಳಿಯಲ್ಲಿ ಆತ ಸಿಗುತ್ತಾನೆ. ಗದ್ವಾಲ, ಮಕ್ತಲ್, ನಾರಾಯಣಪೇಟೆಯಲ್ಲೂ ಕೊರತೆಯಿಲ್ಲ.

ಕೆಲಸ ಶುರುವಾಗುವುದು ಬೂದಿಯಿಂದ. ಹತ್ತಿ ಕಡ್ಡಿ, ತೊಗರಿ ಕಡ್ಡಿ ಬೇಗ ಉರಿದು ಆರುತ್ತವೆ. ಜಾಲಿಯ ಕೆಂಡ ಬೂದಿಯಡಿ ಇಡೀ ರಾತ್ರಿ ಜೀವ ಹಿಡಿದಿರುತ್ತದೆ. ಆದ್ದರಿಂದ ಹಿಂದಿನ ದಿನವೇ ಒಲೆ ಆರಿಸಿ, ಬೂದಿಯನ್ನು ತಗಡಿನ ಡಬ್ಬಿಗೆ ತುಂಬಿ ಹೊರಗಿಡಬೇಕು. "ಆರೇದ, ಕೈ ಹಾಕು ತಮ್ಮ" ಎನ್ನುವವನು ಶ್ಯಾಣ್ಯಾ. ತಾನು ಮಾತ್ರ ಹಾಕುವುದಿಲ್ಲ.

ನಂತರ ಹೊಗೆ ಕೊಳವೆ. 1983ರಲ್ಲಿ ಆರಂಭವಾಗಿ 2002ರಲ್ಲಿ ನಿಂತ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮದ ಕಾಲದಲ್ಲಿ ಹೊಗೆ ಹೊರಗೆ ಹೋಗುವ ಕೊಳವೆಯ ಒಲೆಗಳು ದೇಶದ ಹಳ್ಳಿಹಳ್ಳಿಗೆ ಹೋದವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ 'ಅಸ್ತ್ರ' ಕೇಂದ್ರದವರ ಒಲೆಯೂ ಅದೇ ಜಾತಿಯದು. ಒಲೆ ಕೊಟ್ಟವರು ಕೊಳವೆ ಗುಡಿಸಿಕೊಳ್ಳಿ ಎಂದಿದ್ದರು, ಗುಡಿಸಿದವರು ಕಡಿಮೆ. ಹಸಿ ಕಟ್ಟಿಗೆಯ ಹೊಗೆ ತಣ್ಣನೆಯ ಕೊಳವೆಗೆ ತಾಗಿ ಡಾಂಬರಿನಂಥ ಅಂಟಾಗುತ್ತದೆ, ಅದರ ಮೇಲೆ ವರ್ಷಗಟ್ಟಲೆ ಮಸಿ ಕೂಡುತ್ತದೆ. ಕೆಳಬಾಯಿಗೆ ಒದ್ದೆ ಗೋಣಿಚೀಲ ಕಟ್ಟಿ, ಮಾಳಿಗೆ ಏರಿ, ಮೇಲಿನ ತುಂಡಿನಿಂದ ಒಂದೊಂದಾಗಿ ಬಿಚ್ಚುತ್ತ ಬರುವುದು ಸರಿಯಾದ ಕ್ರಮ.

ಒಂದು ಮನೆಯಲ್ಲಿ ಗೌಂಡಿ ಚೀಲ ತರಲು ಹಿತ್ತಲಿಗೆ ಹೋಗಿದ್ದ. ಆ ಮನೆಗೆ ಬಂದಿದ್ದ ಶ್ಯಾಣ್ಯಾ ಅರವತ್ತು ದಾಟಿದವನು, ಊರಿಗೆಲ್ಲ ಮಾವ. ತನ್ನ ಮುತ್ತಜ್ಜ ಗದ್ವಾಲ ಸಂಸ್ಥಾನದ ಅಡುಗೆಮನೆಗೆ ಒಲೆ ಕಟ್ಟಿದವನೆಂದು ಹೇಳುತ್ತಿದ್ದ. ಈ ಹೇಳಿಕೆಗೆ ಆಧಾರ ಸಿಕ್ಕಿಲ್ಲ. "ಇದಕ್ಯಾಕ ಇಷ್ಟು ಹೊತ್ತು? ಕೆಳಗಿಂದ ಬಡದ್ರ ತಾನ ಉದರತೈತಿ" ಎಂದು ಊದುಗೊಳವಿ ಎತ್ತಿಕೊಂಡ. ಮನೆಯ ಹಿರಿಯವ್ವ, "ಬ್ಯಾಡ ಮಾವ, ಹಾಲು ಐತಿ" ಎಂದಳು. "ಹಾಲಿಗೇನಾಗತೈತವ್ವಾ!" ಎಂದು ಮೂರು ಬಾರಿಸಿದ. ಮೊದಲೆರಡಕ್ಕೆ ಏನೂ ಆಗಲಿಲ್ಲ. ಮೂರನೆಯದಕ್ಕೆ ಇಪ್ಪತ್ತು ವರ್ಷದ ಮಸಿ ಒಟ್ಟಿಗೇ ಇಳಿಯಿತು. ಹಾಲು, ಹಿಟ್ಟಿನ ಡಬ್ಬಿ, ಗೋಡೆಯ ದೇವರ ಪಟ, ಮನೆಯವನ ಬಿಳಿ ಅಂಗಿ ಎಲ್ಲ ಒಂದೇ ಬಣ್ಣಕ್ಕೆ ಬಂದವು. ಎರಡು ಬಿಳಿ ಕಣ್ಣು ಪಿಳುಕಿಸುತ್ತ ಮಾವ ಅಂದ: "ನೋಡಿದ್ಯಾ? ಎಷ್ಟು ಮಸಿ ಕೂತಿತ್ತು! ನಾ ಹೇಳಲಿಲ್ಲೇನು?" ಆ ಅಂಗಿ ಇವತ್ತಿಗೂ ಬಿಳಿಯಾಗಿಲ್ಲ. ಅದು ಯಾರದೆಂಬುದು ಇಲ್ಲಿ ಅಗತ್ಯವಾದ ಸಂಗತಿಯಲ್ಲ.

ಕೊಳವೆ ಕಲ್ನಾರು ಸಿಮೆಂಟಿನದಾದರೆ ಬಡಿಯುವುದು, ಗರಗಸ ಹಾಕುವುದು ಎರಡೂ ತಪ್ಪು. ಅದರ ಸಣ್ಣ ಎಳೆಗಳು ಉಸಿರಿನ ಜೊತೆ ಹೋಗಿ ಪುಪ್ಪುಸ ಕೆಡಿಸುತ್ತವೆ. ನೀರು ಚಿಮುಕಿಸಿ, ಮೂಗಿಗೆ ಮಾಸ್ಕ್ ಹಾಕಿಕೊಂಡು ಇಡಿಯಾಗಿಯೇ ಇಳಿಸಬೇಕು. ಇದನ್ನು ಹೇಳಿದರೆ ಶ್ಯಾಣ್ಯಾ ನಗುತ್ತಾನೆ.

ಕೊನೆಗೆ ಒಲೆಯ ಮೈ. ಉರಿ ತಾಗಿದ ಒಳಭಾಗ ಇಟ್ಟಿಗೆಯಾಗಿರುತ್ತದೆ, ಒಡೆದು ಹೊರಗೆ ಹಾಕಬೇಕು. ಹೊರಭಾಗದ ಸುಡದ ಮಣ್ಣನ್ನು ನೆನೆಸಿದರೆ ಹೊಸ ಒಲೆಗೆ ಬರುತ್ತದೆ. ಇಲ್ಲಿ ಶ್ಯಾಣ್ಯಾನ ಸಲಹೆ ನಿಲ್ಲುತ್ತದೆ. ಆ ಮಾವ ಮಣ್ಣಿನ ಹೆಂಟೆಯೊಂದನ್ನು ಕೈಯಲ್ಲಿ ಹಿಡಿದು, ಮೆತ್ತಿದ್ದ ಬೆರಳ ಗುರುತು ನೋಡಿ, ಮೆತ್ತಿದವಳು ಯಾರ ಸೊಸೆ, ಆಕೆಯ ರೊಟ್ಟಿ ಎಷ್ಟು ತೆಳ್ಳಗಿರುತ್ತಿತ್ತು ಎಂದೆಲ್ಲ ಹೇಳಿದ. ಹೆಂಡತಿ ಹೋದ ಮೇಲೆ ಆತನ ಮನೆಯಲ್ಲಿ ಗ್ಯಾಸ್ ಒಂದೇ, ಮಗ ಹೈದರಾಬಾದಿನಲ್ಲಿದ್ದಾನೆ. ಗ್ಯಾಸಿನ ಒಲೆಗೆ ಯಾರ ಸಲಹೆಯೂ ಬೇಕಾಗುವುದಿಲ್ಲ.

ಹೊಸ ಒಲೆ ಮೊದಲ ದಿನ ಹೊಗೆಯನ್ನು ಮನೆಯೊಳಕ್ಕೇ ಬಿಡುವುದುಂಟು. ಕೊಳವೆಯಲ್ಲಿ ತಣ್ಣನೆಯ ಗಾಳಿ ಕೂತಿದ್ದರೆ ಬಿಸಿ ಹೊಗೆಗೆ ದಾರಿ ಸಿಗದು. ಕಾಗದದ ಸುರುಳಿ ಹೊತ್ತಿಸಿ ಕೊಳವೆಯ ಕೆಳಬಾಯಿಗೆ ಒಂದು ನಿಮಿಷ ಹಿಡಿದರೆ ಒಳಗಿನ ಗಾಳಿ ಕಾದು ಮೇಲೇಳುತ್ತದೆ, ಹೊಗೆ ಅದರ ಹಿಂದೆ ಹೋಗುತ್ತದೆ. ಗೌಂಡಿಗೆ ತಿಳಿಯದ ಈ ಉಪಾಯ ಹೇಳಿಕೊಟ್ಟವನು ಶ್ಯಾಣ್ಯಾ. ಆತನ ಸಲಹೆಗಳಲ್ಲಿ ಕೇಳಬೇಕಾದದ್ದು ಇದೊಂದೇ. ಒಲೆ ಕೀಳಿಸುವವರು ಆತನಿಗೆ ಮೊದಲೇ ಚಹಾ ಕೊಟ್ಟು ಅಂಗಳದಲ್ಲಿ ಕೂಡಿಸಿ, ಒಲೆ ಹೊತ್ತಿಸುವ ಹೊತ್ತಿಗೆ ಒಳಗೆ ಕರೆಯುವುದು ಒಳ್ಳೆಯದು.