ಮೂಗುದಾರವಿಲ್ಲದ ಪ್ರಾಣಿ

ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳ ಬಯಲುಸೀಮೆಯಲ್ಲಿ ಹಗ್ಗ ಹಿಡಿಯುವ ವಿದ್ಯೆಗೆ ಎಂದೂ ಬರ ಬಂದದ್ದಿಲ್ಲ, ಮಳೆಗೆ ಬಂದಿರಬಹುದು. ಇಲ್ಲಿನ ರೈತ ಎತ್ತಿನ ವಿಷಯದಲ್ಲಿ ಎರಡು ಕೆಲಸಗಳನ್ನು ಎರಡು ಅಂಗಗಳಿಗೆ ಬಹಳ ಹಿಂದೆಯೇ ಹಂಚಿಕೊಟ್ಟಿದ್ದಾನೆ. ಎಳೆಯುವುದು ಹೆಗಲಿನ ಕೆಲಸವಾದ್ದರಿಂದ ನೊಗ ಅಲ್ಲಿ ಕೂರುತ್ತದೆ. ಮಾತು ಕೇಳುವುದು ಮೂಗಿನ ಕೆಲಸವಾದ್ದರಿಂದ ಹೊಳ್ಳೆಗಳ ನಡುವಿನ ಮೆತ್ತನೆಯ ಜಾಗವನ್ನು ಚುಚ್ಚಿ ಪೋಣಿಸಿದ ಹುರಿ, ಅಂದರೆ ಮೂಗುದಾರ, ಅಲ್ಲಿರುತ್ತದೆ. ನಾಲ್ಕು ಕ್ವಿಂಟಲ್ ತೂಗುವ ಎತ್ತು ಮೀಸೆ ಮೂಡದ ಹುಡುಗನ ಹಿಂದೆ ಸಾಧುವಾಗಿ ನಡೆದು ಬರುವುದು ಈ ವಿಂಗಡಣೆಯ ಮಹಿಮೆಯಿಂದಲೇ. ಇಷ್ಟು ತಿಳಿದಿರುವ ಸೀಮೆಯಲ್ಲೇ, ಪೇಟೆಯಲ್ಲಿ ಮನೆ ಕಟ್ಟಿಸಿ ಗೇಟಿಗೆ ‘ನಾಯಿ ಇದೆ ಎಚ್ಚರಿಕೆ’ ಎಂಬ ಫಲಕ ತೂಗುಹಾಕಿದ ಗೃಹಸ್ಥನೊಬ್ಬ, ನಲವತ್ತು ಕಿಲೋ ತೂಗುವ ನಾಯಿಯ ಕೊರಳ ಬುಡಕ್ಕೆ, ಎಂದರೆ ಎತ್ತಿನಲ್ಲಾದರೆ ನೊಗ ಕೂರುವ ಜಾಗಕ್ಕೇ, ಬೆಲ್ಟು ಬಿಗಿದು ಹಗ್ಗ ಕಟ್ಟಿ, ಅದು ಎಳೆಯುತ್ತದೆಂದು ದೂರುವುದು ಅಧ್ಯಯನಕ್ಕೆ ಯೋಗ್ಯವಾದ ಸಂಗತಿ.

ಹಗ್ಗದ ಹಂಗೇ ಇಲ್ಲದ ಪ್ರಾಣಿಗಳೂ ಈ ಸೀಮೆಯಲ್ಲಿವೆ ಎಂಬುದನ್ನು ಮರೆಯುವಂತಿಲ್ಲ. ಮ್ಯಾಸ ನಾಯಕರ ದೇವರ ಎತ್ತುಗಳು, ಅಂದರೆ ದೇವರ ಹೆಸರಿಗೆ ಬಿಟ್ಟ, ಉಳುಮೆಗೆ ಹೂಡದ ರಾಸುಗಳು, ಅವುಗಳನ್ನು ಕಾಯುವ ಕಿಲಾರಿಯ ಕೂಗಿಗೆ ಹಿಂಡಾಗಿ ಹೊರಡುತ್ತವೆ, ಹಿಂಡಾಗಿ ನಿಲ್ಲುತ್ತವೆ. ಕಂಬಳಿಗೆ ಹೆಸರಾದ ಚಳ್ಳಕೆರೆಯ ಸುತ್ತ ಕುರಿಹಿಂಡಿನ ಜೊತೆ ತಿರುಗುವ ಹಟ್ಟಿನಾಯಿಗೆ ಹಗ್ಗವೆಂಬ ವಸ್ತುವಿನ ಪರಿಚಯವೇ ಇರುವುದಿಲ್ಲ. ತೊಡಕಿರುವುದು ಬಡಾವಣೆಯ ದೊಡ್ಡ ಸಾಕುನಾಯಿಯದು, ಅದರಲ್ಲೂ ಪರದೇಶದ ತಳಿಗಳದು. ರಾಟ್‌ವೈಲರನ್ನೇ ನೋಡಬಹುದು: ಜರ್ಮನಿಯ ರಾಟ್‌ವೈಲ್ ಎಂಬ ಊರಿನ ಕಟುಕರು ಮಾಂಸದ ಗಾಡಿ ಎಳೆಯಲು ಬಳಸುತ್ತಿದ್ದ ಈ ನಾಯಿಯ ಗಂಡು ಐವತ್ತು ಕಿಲೋ ದಾಟುವುದುಂಟು. ಗಾಡಿ ಎಳೆಯುವುದೇ ಕುಲಕಸುಬಾಗಿದ್ದ ಪ್ರಾಣಿ, ಹಗ್ಗದ ಇನ್ನೊಂದು ತುದಿಯಲ್ಲಿರುವ ಗೃಹಸ್ಥನನ್ನೂ ಗಾಡಿಯೆಂದೇ ತಿಳಿದರೆ ತಪ್ಪು ಅದರದ್ದೆನ್ನಲಾಗದು. 2024ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಈ ತಳಿಯೂ ಸೇರಿದಂತೆ 23 ತಳಿಗಳನ್ನು ಅಪಾಯಕಾರಿಯೆಂದು ಪಟ್ಟಿಮಾಡಿ ನಿಷೇಧಕ್ಕೆ ಸುತ್ತೋಲೆ ಹೊರಡಿಸಿತು. ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ರದ್ದುಪಡಿಸಿತು. ಈ ಒಂದು ತಿಂಗಳ ಅವಧಿಯಲ್ಲಿ ನಾಯಿಗಳು ಎಳೆಯುವುದರಲ್ಲಿ ಏನಾದರೂ ವ್ಯತ್ಯಾಸ ಮಾಡಿಕೊಂಡ ವರದಿಯಿಲ್ಲ.

ನಾಯಿಗಿಂತ ಹೆಚ್ಚು ತೂಕವಿರುವ ಮನುಷ್ಯ ಅದರೆದುರು ಏಕೆ ಸೋಲುತ್ತಾನೆ ಎಂಬ ಪ್ರಶ್ನೆಗೆ ಉತ್ತರ ಕಾಲುಗಳಲ್ಲಿದೆ. ನಾಯಿಗೆ ನಾಲ್ಕು ಕಾಲು, ನೆಲವನ್ನು ಕಚ್ಚಿ ಹಿಡಿಯುವ ಉಗುರು. ಅದರ ಗುರುತ್ವಕೇಂದ್ರ, ಅಂದರೆ ದೇಹದ ತೂಕವೆಲ್ಲ ಕೂಡಿನಿಂತಂತಿರುವ ಬಿಂದು, ನೆಲಕ್ಕೆ ಹತ್ತಿರ. ಮನುಷ್ಯನಿಗಿರುವುದು ಎರಡೇ ಕಾಲು. ಅವುಗಳಲ್ಲಿ ಬೆಳಗಿನ ಹೊತ್ತು ಸವೆದ ಹವಾಯಿ ಚಪ್ಪಲಿ, ಅದರ ಕೆಳಗೆ ಜಾರುವ ಗರಸು. ಮುಂದಕ್ಕೆ ಚಾಚಿದ ಕೈಯಲ್ಲಿ ಹಗ್ಗವಿದ್ದರೆ ಎಳೆತ ಭುಜದ ಮಟ್ಟದಲ್ಲಿ ಬಿದ್ದು ಆತ ಬುಡದಿಂದ ಬಾಗುತ್ತಾನೆ, ಮುಂದಿನ ಹೆಜ್ಜೆ ಆತನ ಇಚ್ಛೆಗೆ ಸೇರಿದ್ದಲ್ಲ. ಇಲ್ಲಿ ತೂಕವೊಂದೇ ಲೆಕ್ಕಕ್ಕೆ ಬರುವುದಿಲ್ಲ. 2005ರಲ್ಲಿ ಅಂಚೆಚೀಟಿಯ ಮೇಲೆ ಗಂಭೀರವಾಗಿ ನಿಂತ ನಮ್ಮದೇ ನಾಡಿನ ಮುಧೋಳ ನಾಯಿ ಮೈಯಲ್ಲಿ ತೆಳು. ಆದರೆ ಮೊಲ ಕಂಡ ಕ್ಷಣ ಅದು ಪಡೆಯುವ ವೇಗವೆಲ್ಲ ಹಗ್ಗ ಮುಗಿಯುವಲ್ಲಿ ಒಂದೇ ಜಗ್ಗಾಗಿ ಯಜಮಾನನ ತೋಳಿಗೆ ಸಂದಾಯವಾಗುತ್ತದೆ.

ಗೃಹಸ್ಥ ಆಗ ಮಾಡುವ ಸಹಜ ಕೆಲಸವೆಂದರೆ ತಾನೂ ಹಿಂದಕ್ಕೆ ಎಳೆಯುವುದು, ಅದರಿಂದ ಪರಿಸ್ಥಿತಿ ಕೆಡುತ್ತದೆ. ಕಟ್ಟಿ ಹಿಡಿದ ಪ್ರಾಣಿ ಕಟ್ಟಿನ ವಿರುದ್ಧವೇ ಸೆಣಸುತ್ತದೆಂಬುದು ಹಳೆಯ ಅರಿವು. ಜೊಲ್ಲಿನ ಪ್ರಯೋಗಗಳಿಂದ ಪ್ರಸಿದ್ಧನಾದ ರಷ್ಯಾದ ವಿಜ್ಞಾನಿ ಪಾವ್‌ಲೋವ್, ಪಟ್ಟಿ ಕಟ್ಟಿ ನಿಲ್ಲಿಸಿದರೆ ಸುಮ್ಮನಿರಲಾರದೆ ಒದ್ದಾಡುತ್ತಿದ್ದ ನಾಯಿಯೊಂದರ ವರ್ತನೆಗೆ ಸ್ವಾತಂತ್ರ್ಯದ ಪ್ರತಿವರ್ತನೆಯೆಂದೇ ಹೆಸರಿಟ್ಟಿದ್ದ. ಚಳ್ಳಕೆರೆಯಲ್ಲಿ ಈ ಪ್ರತಿವರ್ತನೆಯ ಪ್ರದರ್ಶನ ಭಾನುವಾರ ಬೆಳಿಗ್ಗೆ ಮಟನ್ ಅಂಗಡಿಯ ಮುಂದೆ ಉಚಿತವಾಗಿ ನಡೆಯುತ್ತದೆ. ನಾಯಿ ಮುಂಗಾಲೆತ್ತಿ ಹಿಂಗಾಲಲ್ಲಿ ನಿಂತಿರುತ್ತದೆ, ಹಗ್ಗವನ್ನು ಮುಂಗೈಗೆ ಮೂರು ಸುತ್ತು ಸುತ್ತಿಕೊಂಡ ಯಜಮಾನನ ಬೆರಳುಗಳು ಬಿಳಿಚಿಕೊಂಡಿರುತ್ತವೆ, ತಕ್ಕಡಿ ಹಿಡಿದವನು ಮಾತ್ರ ಯಾವ ಕಡೆಗೂ ವಾಲದೆ ತೂಗುತ್ತಿರುತ್ತಾನೆ. ಹಗ್ಗವನ್ನು ಕೈಗೆ ಹೀಗೆ ಸುತ್ತಿಕೊಳ್ಳುವುದು ಬೆರಳಿನ ಮೂಳೆಗೆ ಹಾನಿ ತರುವ ಅಭ್ಯಾಸವೆಂಬುದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು.

ಕನ್ನಡ ನಾಡಿನ ಅತಿ ಪ್ರಸಿದ್ಧ ನಾಯಿ ಈ ವಿಷಯದಲ್ಲಿ ಯಾವ ನೆರವನ್ನೂ ನೀಡುವುದಿಲ್ಲ. ಹತ್ತನೆಯ ಶತಮಾನದ ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೆರನಿಗೆ ಒಡೆಯ ಮೆಚ್ಚಿ ಏನು ಬೇಕೆಂದಾಗ, ಆತ ಕಾಳಿಯೆಂಬ ನಾಯಿಯನ್ನು ಬೇಡಿ ಪಡೆದದ್ದೂ, ಅದನ್ನು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಹಂದಿಯೂ ನಾಯಿಯೂ ಒಟ್ಟಿಗೆ ಸತ್ತದ್ದೂ ಆತಕೂರಿನ ಕಲ್ಲಿನಲ್ಲಿ ದಾಖಲಾಗಿದೆ. ಕಲ್ಲು ಹೇಳುವುದೆಲ್ಲ ಬಿಟ್ಟ ಮೇಲಿನ ಕಥೆ. ಬಿಡುವ ತನಕ ಕಾಳಿಯನ್ನು ಹಿಡಿದುಕೊಂಡಿದ್ದವನ ಅಂಗೈಯ ಸ್ಥಿತಿಗತಿಯ ಬಗ್ಗೆ ಶಾಸನ ಮೌನವಾಗಿದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಅಶೋಕನ ಶಾಸನವೂ ಅಷ್ಟೆ: ತಂದೆತಾಯಿಯ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು ಎಂದೆಲ್ಲ ವಿಧಿಸಿದ ಚಕ್ರವರ್ತಿ, ಪ್ರಾಣಿಗಳು ಯಾರ ಮಾತು ಕೇಳಬೇಕೆಂಬುದನ್ನು ಬರೆಸದೆ ಬಿಟ್ಟಿದ್ದಾನೆ.

ಆದ್ದರಿಂದ ಎತ್ತಿನ ಶಾಸ್ತ್ರಕ್ಕೇ ಮರಳಬೇಕಾಗುತ್ತದೆ. ಪಟ್ಟಣದ ಅಂಗಡಿಗಳಲ್ಲಿ ಈಗ ಸಿಗುವ ಮೂತಿಪಟ್ಟಿ, ಅಂದರೆ ಮೂತಿಯ ಮೇಲೆ ಹಾದು ದವಡೆಯ ಕೆಳಗೆ ಹಗ್ಗಕ್ಕೆ ಸೇರುವ ಪಟ್ಟಿ, ಚುಚ್ಚದೆ ಹಾಕಿದ ಮೂಗುದಾರವೇ ಸರಿ. ಅದನ್ನು ತೊಟ್ಟ ನಾಯಿ ಬಾಯಿ ತೆರೆಯಬಲ್ಲದು, ನೀರು ಕುಡಿಯಬಲ್ಲದು, ಆದರೆ ಎಳೆದರೆ ಅದರ ತಲೆ ತಾನಾಗಿ ಪಕ್ಕಕ್ಕೆ ತಿರುಗುತ್ತದೆ. ತಲೆ ಹೋದ ಕಡೆಗೇ ಮೈಯೂ ಹೋಗಬೇಕಲ್ಲ. ಹಠಾತ್ತನೆ ಜಗ್ಗಿದರೆ ಕುತ್ತಿಗೆ ಉಳುಕುವುದರಿಂದ ಇದಕ್ಕೆ ಮೆತ್ತಗಿನ ಕೈ ಬೇಕು. ಎದೆಯ ಮುಂಭಾಗದಲ್ಲಿ ಬಳೆಯಿರುವ ಮೈಪಟ್ಟಿಯೂ ಹೀಗೆಯೇ ನಾಯಿಯನ್ನು ಪಕ್ಕಕ್ಕೆ ತಿರುಗಿಸುತ್ತದೆ, ಬೆನ್ನಿನ ಮೇಲೆ ಬಳೆಯಿರುವುದಾದರೋ ಗಾಡಿ ಹೂಡಿದಂತೆಯೇ. ಹಗ್ಗ ಹಿಡಿದವನು ಕೈಯನ್ನು ಹೊಕ್ಕುಳ ಬಳಿಗೆ ತಂದು, ಮಂಡಿ ಸ್ವಲ್ಪ ಮಡಿಸಿ, ಹಿಂದಕ್ಕೆ ಜಗ್ಗುವ ಬದಲು ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ನಾಯಿಯ ನೇರ ಬಲ ಮುರಿಯುತ್ತದೆ. ಇಷ್ಟೆಲ್ಲ ಸಲಕರಣೆ ತೊಡಿಸಿದ ನಾಯಿಯನ್ನು ಕಂಡ ಕುರಿಗಾಹಿ ಮಾತ್ರ “ಮೂಗು ಚುಚ್ಚಿಸಿದ್ರೆ ಮುಗೀತಿತ್ತಲ್ಲ ಸಾಮಿ” ಎಂದು ಹೇಳಿ ಮುಂದೆ ಹೋಗುವ ಸಂಭವವಿದೆ.

ಪಟ್ಟಿ ಯಾವುದಾದರೂ ಇರಲಿ, ಹಗ್ಗ ಬಿಗಿಯಾದರೆ ನಡಿಗೆ ನಿಲ್ಲುತ್ತದೆ, ಸಡಿಲವಾದರೆ ಮುಂದುವರಿಯುತ್ತದೆ ಎಂಬುದನ್ನು ನಾಯಿ ಕಲಿಯುವವರೆಗೆ ಫಲ ಅಷ್ಟಕ್ಕಷ್ಟೇ. ತಜ್ಞರು ತಿಂಗಳುಗಟ್ಟಲೆ ತಾಳ್ಮೆಯಿಂದ ಕಲಿಸಬೇಕೆನ್ನುವ ಈ ಪಾಠವನ್ನು ಅರಿವಿಲ್ಲದೆಯೇ ಕಲಿಸುವವರೆಂದರೆ ಮನೆಯ ಹಿರಿಯರು. ಮಗನನ್ನು ಬೀದಿಯುದ್ದಕ್ಕೂ ಎಳೆದೊಯ್ಯುವ ನಾಯಿ, ಐವತ್ತು ಕಿಲೋ ತೂಗದ ಎಪ್ಪತ್ತರ ಅಜ್ಜನ ಪಕ್ಕದಲ್ಲಿ ತೆಪ್ಪಗೆ ನಡೆಯುವುದಕ್ಕೆ ಕಾರಣ ಸ್ಪಷ್ಟ: ಅಜ್ಜ ಹತ್ತು ಹೆಜ್ಜೆಗೊಮ್ಮೆ ಯಾರನ್ನಾದರೂ ನಿಲ್ಲಿಸಿ ಶೇಂಗಾ ಬೆಲೆ, ಮಳೆ, ಮೊಮ್ಮಗಳ ಮದುವೆ ಎಂದು ಮಾತಿಗೆ ನಿಂತರೆ ಯಾವ ಎಳೆತಕ್ಕೂ ಕದಲುವುದಿಲ್ಲ. ಎಳೆದು ಎಲ್ಲಿಗೂ ತಲುಪಲಾಗದೆಂದು ನಾಯಿ ಮೊದಲ ವಾರದಲ್ಲೇ ಮನಗಂಡಿರುತ್ತದೆ. ಮಗ ಇದನ್ನು ಒಪ್ಪುವುದಿಲ್ಲ. ನಾಯಿ ಅಪ್ಪನ ಮೀಸೆಗೆ ಹೆದರುತ್ತದೆಂಬುದು ಆತನ ಸಿದ್ಧಾಂತ, ಅದನ್ನು ಆತ ಸಾಮಾನ್ಯವಾಗಿ ಮಂಡಿಸುವುದು ತರಚಿದ ಮೊಣಕಾಲಿಗೆ ಅರಿಶಿನ ಹಚ್ಚಿಕೊಳ್ಳುವಾಗ.