ಇಲ್ಲದ ಟಾಕೀಸಿನ ಎದುರು ಮನೆ

ಮೊನ್ನೆ ಮಧ್ಯಾಹ್ನ ನನ್ನ ಬಿ.ಪಿ. ಮಾತ್ರೆ ತಂದ ಹುಡುಗ ಫೋನ್ ಮಾಡಿದ. "ಸರ್ರ, ಮ್ಯಾಪ್ ಇಲ್ಲಿಗೆ ಮುಗೀತ್ರಿ. ನಿಮ್ಮ ಮನಿ ಎಲ್ಲೈತ್ರಿ?"

ಹಾವೇರಿ ಕಡೆಯ ಮಾತು, ಕಿವಿಗೆ ಹಿತವಾಯಿತು. ಹುಮ್ಮಸ್ಸಿನಿಂದ ಶುರು ಮಾಡಿದೆ: "ಬಹಳ ಸುಲಭ ಕಣಪ್ಪ. ಟಾಕೀಸ್ ಎದುರಿನ ರಸ್ತೆಗೆ ಬಾ. ಸೈಕಲ್ ಶಾಪ್ ದಾಟಿ, ಸಂಪಿಗೆ ಮರದ ಹತ್ತಿರ ಬಲಕ್ಕೆ ತಿರುಗು. ಫ್ಲೋರ್ ಮಿಲ್ ಪಕ್ಕದ್ದೇ ನಮ್ಮನೆ."

ಆ ಕಡೆ ಒಂದು ಕ್ಷಣ ಸದ್ದಿಲ್ಲ. ಆಮೇಲೆ, "ಸರ್ರ, ಎಲ್ಲಾ ಕಡೆ ನೋಡಾಕತ್ತೀನ್ರಿ. ನೀವು ಹೇಳಿದ್ದು ಒಂದೂ ಇಲ್ಲಿ ಇಲ್ರಿ!"

ಹುಡುಗನದೇನೂ ತಪ್ಪಿಲ್ಲ. ಟಾಕೀಸಿನ ಜಾಗದಲ್ಲಿ ಅಪಾರ್ಟ್‌ಮೆಂಟ್ ಎದ್ದು ಹನ್ನೆರಡು ವರ್ಷವಾಯಿತು. ಸೈಕಲ್ ಶಾಪು ಮೊದಲು ಎಸ್‌ಟಿಡಿ ಬೂತಾಗಿ, ಆಮೇಲೆ ಮೊಬೈಲ್ ರಿಪೇರಿ ಅಂಗಡಿಯಾಗಿ, ಈಗ ಮೊಮೊ ಬೇಯಿಸುತ್ತಿದೆ. ಫ್ಲೋರ್ ಮಿಲ್ಲಿನಲ್ಲಿ ಜನ ದುಡ್ಡು ಕೊಟ್ಟು ತಾವೇ ಹಿಟ್ಟಾಗುವ ಜಿಮ್ ಬಂದಿದೆ. ಸಂಪಿಗೆ ಮರ ರಸ್ತೆ ಅಗಲ ಮಾಡುವಾಗ ಹೋಯಿತು. ಹಾಗೆ ಸಿಕ್ಕ ಅಗಲದಲ್ಲಿ ಎರಡೂ ಬದಿ ಕಾರು ನಿಂತಿವೆ, ಓಡಾಡೋಕೆ ಉಳಿದಿರುವುದು ಮೊದಲಿದ್ದಷ್ಟೇ.

ಒಳಗಿನಿಂದ ನಮ್ಮಾಕೆ, "ರೀ, ಬದುಕಿರೋದು ಯಾವುದಾದ್ರೂ ಒಂದು ಹೇಳಬಾರದೇ?" ಎಂದಳು.

ನನ್ನೊಬ್ಬನ ಮೇಲೆ ಯಾಕಮ್ಮ ಸಿಟ್ಟು? ಬೆಂಗಳೂರಿಗೆ ಬೆಂಗಳೂರೇ ಹೀಗೆ ಮಾತಾಡುತ್ತೆ. ದಿನಕ್ಕೆ ಲಕ್ಷಾಂತರ ಜನ "ಮೆಜೆಸ್ಟಿಕ್, ಮೆಜೆಸ್ಟಿಕ್" ಅಂತ ಬಸ್ಸು ಹತ್ತುತ್ತಾರೆ. ಮೆಜೆಸ್ಟಿಕ್ ಎಂಬ ಚಿತ್ರಮಂದಿರ ಯಾವತ್ತೋ ನೆಲಸಮವಾಯಿತು. ಬಸ್ ನಿಲ್ದಾಣಕ್ಕೆ ಕೆಂಪೇಗೌಡರ ಹೆಸರಿಟ್ಟರೂ ಕಂಡಕ್ಟರ್ ಬಾಯಲ್ಲಿ ಟಾಕೀಸೇ ಗೆದ್ದಿತು. ಆ ನಿಲ್ದಾಣ ಇರುವುದಾದರೂ ಎಲ್ಲಿ? ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಕೆರೆ ಬತ್ತಿ, ಬಸ್ಸು ಬಂದು, ಮೆಟ್ರೋನೂ ಬಂತು. ಪಕ್ಕದ ಟ್ಯಾಂಕ್ ಬಂಡ್ ರೋಡ್ ಮಾತ್ರ ಇಲ್ಲದ ಕೆರೆಗೆ ಇನ್ನೂ ಏರಿಯಾಗಿ ನಿಂತಿದೆ.

ಮಿನರ್ವಾ ಸರ್ಕಲ್‌ನಲ್ಲಿ ಮಿನರ್ವಾ ಟಾಕೀಸ್ ಇಲ್ಲ. ಮೈಸೂರು ಬ್ಯಾಂಕ್ 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಲೀನವಾಯಿತು. ದಿನಾಂಕ ನೋಡಿ ತಮಾಷೆ ಅಂದುಕೊಂಡರೋ ಏನೋ, ಮೈಸೂರು ಬ್ಯಾಂಕ್ ಸರ್ಕಲ್ಲಿಗೆ ಆ ಸುದ್ದಿಯನ್ನು ಯಾರೂ ಮುಟ್ಟಿಸಿಲ್ಲ. ಬಿಟಿಎಸ್ 1997ರಲ್ಲೇ ಬಿಎಂಟಿಸಿ ಆಯಿತು. ನಮ್ಮ ವಯಸ್ಸಿನವರು ಇವತ್ತಿಗೂ ಬಿಟಿಎಸ್ ಬಸ್ಸಿಗೇ ಕಾಯುತ್ತೇವೆ, "ಬಿಟ್ರೆ ತಿರುಗಿ ಸಿಗಲ್ಲ" ಅನ್ನೋ ಹಳೇ ವಿಸ್ತರಣೆ ಸಮೇತ. ಇನ್ನು ಊರ ಹೊರಗೆ ಅಂತ ಹಾಕಿದ ಔಟರ್ ರಿಂಗ್ ರೋಡು! ಊರು ಅದನ್ನು ದಾಟಿ ಎಲ್ಲಿಗೋ ಹೋಯಿತು. ಸಂಜೆ ಆರಕ್ಕೆ ಅದರೊಳಗೆ ಸಿಕ್ಕಿಕೊಂಡವನಿಗೆ ಔಟರ್ ಎಂಬ ಮಾತು ಅಣಕಿಸಿದ ಹಾಗೆ ಕೇಳುತ್ತೆ.

ಹಿಂದೆ ವಿಳಾಸ ಕೇಳುವುದೂ ಸುಲಭದ ಕೆಲಸವಲ್ಲ, ಅದೊಂದು ತನಿಖೆ. "ಏಳನೇ ಕ್ರಾಸ್ ಎಲ್ಲಿ ಬರುತ್ತೆ ಸ್ವಾಮಿ?" ಅಂದರೆ ಸೈಕಲ್ ಶಾಪಿನವನು ಟ್ಯೂಬನ್ನು ನೀರಲ್ಲಿ ಅದ್ದಿಕೊಂಡೇ, "ಯಾರ ಮನೆ ಬೇಕಿತ್ತು?" ಅನ್ನುತ್ತಿದ್ದ. "ರಾಯರ ಮನೆ." "ಓ, ಹುಡುಗಿ ನೋಡೋಕೆ ಬಂದಿರಾ? ಒಳ್ಳೇ ಮಗು. ಹುಡುಗಿಯ ಅಣ್ಣನೇ ಸ್ವಲ್ಪ..." ಅಂತ ಅಲ್ಲಿಗೇ ನಿಲ್ಲಿಸಿ ಗಾಳಿ ಹೊಡೆಯುತ್ತಿದ್ದ. ಬಂದವರು ರಾಯರ ಮನೆಯ ಉಪ್ಪಿಟ್ಟು ತಿನ್ನುವ ಹೊತ್ತಿಗೆ ಅರ್ಧ ಮದುವೆ ಶಾಪಿನಲ್ಲೇ ತೀರ್ಮಾನವಾಗಿರುತ್ತಿತ್ತು. ಈಗಿನ ಮ್ಯಾಪಿನ ಹೆಂಗಸು "ಇನ್ನೂರು ಮೀಟರ್ ಮುಂದೆ ಎಡಕ್ಕೆ ತಿರುಗಿ" ಅಂದು ಸುಮ್ಮನಾಗುತ್ತಾಳೆ. ಯಾರ ಮನೆಗೆ, ಯಾಕೆ ಅಂತ ಒಂದು ಮಾತು ಕೇಳುವುದಿಲ್ಲ. ಅಷ್ಟು ಮರ್ಯಾದಸ್ಥರು ನಮ್ಮ ಬೀದಿಯಲ್ಲಿ ಯಾವತ್ತೂ ಇರಲಿಲ್ಲ.

ಮಗಳು ನನ್ನನ್ನು ನೋಡಿ ನಗುತ್ತಾಳೆ. ಅವಳೇನು ಕಡಿಮೆಯೇ? ಗೆಳತಿಗೆ ಕೆಫೆಯೊಂದರ ಗುರುತು ಹೇಳಿದಳು. ಆ ಗೆಳತಿ ಮುಂದಿನ ಸಲ ಬರುವಷ್ಟರಲ್ಲಿ ಕೆಫೆ ಹೋಗಿ ನಾಯಿಗಳ ಕ್ಷೌರದಂಗಡಿ ಬಂದಿತ್ತು. ನಮ್ಮ ಟಾಕೀಸುಗಳು ಸತ್ತ ಮೇಲೂ ದಾರಿ ತೋರಿಸುತ್ತವೆ ಕಣೇ, ನಿಮ್ಮ ಕೆಫೆಗಳಿಗೆ ದಾರಿ ಬಾಯಿಪಾಠವಾಗುವಷ್ಟೂ ಆಯುಸ್ಸಿಲ್ಲ ಅಂದೆ.

ಇರಲಿ, ಮಾತ್ರೆಯ ಹುಡುಗನ ಕಥೆ ಮುಗಿಸುತ್ತೇನೆ. ಕೊನೆಗೆ ನಾನೇ ಗೇಟಿಗೆ ಹೋಗಿ ನಿಂತು ಕೈಬೀಸಿದೆ. ಬಂದ ಮೇಲೂ ಬಿಡದೆ ಟಾಕೀಸ್ ಎಲ್ಲಿತ್ತು, ಬಾಲ್ಕನಿ ಟಿಕೆಟ್ ಕ್ಯೂ ಎಲ್ಲಿವರೆಗೆ ಬರುತ್ತಿತ್ತು ಅಂತ ಬೆರಳು ತೋರಿಸಿ ವಿವರಿಸಿದೆ. ಪಾಪ, ಹೆಲ್ಮೆಟ್ ತೆಗೆದು ಕೇಳಿಸಿಕೊಂಡ.

ಮರುವಾರ ಅವನೇ ನಮ್ಮ ಓಣಿಯಲ್ಲಿ ಗಾಡಿ ನಿಲ್ಲಿಸಿಕೊಂಡು ಇನ್ನೊಬ್ಬ ಹುಡುಗನಿಗೆ ಫೋನಿನಲ್ಲಿ ದಾರಿ ಹೇಳುತ್ತಿದ್ದ: "ಏನ್ ತ್ರಾಸ್ ಇಲ್ಲೋ ಮಾರಾಯಾ. ಗೇಟಿನಾಗ ಒಬ್ಬರು ಅಜ್ಜಾರು ನಿಂತು ಇಲ್ಲದ ಟಾಕೀಸ್ ತೋರಸ್ತಿರ್ತಾರ. ಅವರ ಬಾಜೂ ಮನಿ."

ಓಡಿ ಬಂದು ನಮ್ಮಾಕೆಗೆ ಹೇಳಿದೆ: "ಕೇಳಿದೆಯಾ? ಮೆಜೆಸ್ಟಿಕ್, ಮಿನರ್ವಾ, ಈಗ ನಾನು! ಏನಿದ್ರೂ ಅವುಗಳ ಹಾಗೆ ಗುರುತು ಗಟ್ಟಿಯಾಗಬೇಕಾದ್ರೆ ನಾನೂ ಒಂದಿನ..."

"ಬಿಡ್ತು ಅನ್ನಿ!" ಅಂತ ಗದರಿ ಕಾಫಿ ಲೋಟ ಕುಕ್ಕಿದಳು. ಬಿಡ್ತು ಅಂದೆ. ಕಾಫಿ ಮುಗಿಸಿ ಗೇಟಿನ ಹತ್ತಿರ ಹೋಗಿ ನಿಂತೆ. ಯಾರಿಗಾದರೂ ಬೇಕಾದೀತು.